ಬೇಸಿಗೆಯ ಕೊನೆಗೆ ಹಿತ್ತಲಿನ ಹಣ್ಣು ಮತ್ತು ಲಾವಂಚ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಹಣ್ಣಿನ ಕಾಲವೂ ಮಳೆಗಾಲವೂ ಒಂದರ ಮೇಲೊಂದು ಬಂದು ಬೀಳುತ್ತವೆ. ಬಯಲುಸೀಮೆಯಲ್ಲಿ ಮಾವು, ಹಲಸುಗಳು ಬಿಸಿಲು ಇರುವಾಗಲೇ ಹಣ್ಣಾಗುತ್ತವೆ. ಎತ್ತರದ, ನೆರಳು ಹೆಚ್ಚಿರುವ ಕಾಫಿ ತೋಟಗಳಲ್ಲಿ ಅವು ಹದಕ್ಕೆ ಬರುವುದು ಮೇ ತಿಂಗಳ ಮಧ್ಯಭಾಗ ಕಳೆದ ಮೇಲೆ. ಅಷ್ಟರಲ್ಲಿ ಕೃತ್ತಿಕೆ ಮಳೆಯ ಗುಡುಗು ಕೇಳಿಸತೊಡಗುತ್ತದೆ. ರೋಹಿಣಿ ಕಳೆದು ಮೃಗಶಿರ ಹಿಡಿಯಿತೆಂದರೆ ಮುಂದಿನ ಮೂರು ತಿಂಗಳು ನಿಶ್ಚಿಂತೆಯಿಂದ ಏನನ್ನೂ ಒಣಗಿಸುವಂತಿಲ್ಲ. ಹೀಗಾಗಿ ಹಿತ್ತಲಿನ ಹಣ್ಣುಗಳನ್ನು ತಿಂದು, ಮಾರಿ, ಮಳೆಗಾಲಕ್ಕೆಂದು ಎತ್ತಿಡಲು ಮನೆಯವರಿಗೆ ಸಿಗುವುದು ಮೂರು ನಾಲ್ಕು ವಾರಗಳು ಮಾತ್ರ. ಬಾವಿಕಟ್ಟೆಯ ಪಕ್ಕದ ಲಾವಂಚದ ಬುಡವನ್ನು ಅಗೆದು ಬೇರು ತೆಗೆಯುವುದಕ್ಕೂ ಇದೇ ಕೊನೆಯ ಅವಕಾಶ.

ಈ ದಿನಗಳಲ್ಲಿ ಕೈಹಾಕದೆ ಬಿಟ್ಟ ಹಣ್ಣು ಸುಮ್ಮನೆ ಕೊಳೆತು ಗೊಬ್ಬರವಾಗುತ್ತದೆಂದು ತಿಳಿಯುವವರಿದ್ದಾರೆ. ಬುಡದಲ್ಲಿ ಬಿದ್ದ ಹಣ್ಣು ಹಣ್ಣುನೊಣಕ್ಕೆ ತವರಾಗುತ್ತದೆ. ಕಾಡಂಚಿನ ತೋಟವಾದರೆ ಆನೆಯನ್ನು ಕರೆಯುತ್ತದೆ. ಕೊನೆಗೆ ಆ ಮರಕ್ಕೇ ಕುತ್ತು ತರುತ್ತದೆ. ಪ್ರಯೋಜನವಿಲ್ಲವೆಂದು ಕಂಡ ಹಲಸು, ಮಾವು, ನೇರಳೆ ಮರಗಳನ್ನು ಕಡಿದು ಆ ಜಾಗದಲ್ಲಿ ಸಿಲ್ವರ್ ಓಕ್ ನೆಟ್ಟು ಮೆಣಸು ಹಬ್ಬಿಸುವುದು ಕಾಫಿ ಸೀಮೆಯಲ್ಲಿ ದಶಕಗಳಿಂದ ನಡೆದುಬಂದಿದೆ. ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಮಾರುವುದೂ ಸುಲಭ. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರಿಂದ ಹಪ್ಪಳ ಮಾಡಲು ಬರುವುದಿಲ್ಲ. ಹಣ್ಣಿನ ಮರದಿಂದ ಮನೆಗೆ ವರ್ಷಕ್ಕೊಮ್ಮೆ ಏನಾದರೂ ಬರುತ್ತಿದ್ದರೆ ಆ ಮರ ಉಳಿಯುತ್ತದೆ. ಅದರ ನೆರಳೂ ಉದುರೆಲೆಯೂ ಕಾಫಿಗೆ ಸಿಗುತ್ತಿರುತ್ತವೆ.

ಬಿಸಿಲು ಬೇಕಾದವು ಮೊದಲು

ಕೆಲಸದ ಸರದಿಯನ್ನು ಹಣ್ಣಿನ ರುಚಿಯನ್ನು ನೋಡಿ ಇಟ್ಟುಕೊಳ್ಳದೆ ಬಿಸಿಲನ್ನು ನೋಡಿ ಇಟ್ಟುಕೊಳ್ಳಬೇಕು. ಒಣಗಿಸಬೇಕಾದ ಮುರುಗಲು, ಹಲಸಿನ ಹಪ್ಪಳ, ಮಾಂಬಳ ಇವು ಮೇ ತಿಂಗಳೊಳಗೆ ಮುಗಿಯಬೇಕು. ಕಾಫಿ ಒಣಗಿಸುವ ಕಣ ಈ ಹೊತ್ತಿಗೆ ಖಾಲಿಯಾಗಿರುತ್ತದೆ. ಕಣವನ್ನು ಚೆನ್ನಾಗಿ ತೊಳೆದು, ಚಾಪೆ ಇಲ್ಲವೆ ಶುಭ್ರವಾದ ಬಟ್ಟೆ ಹಾಸಿ ಉಪಯೋಗಿಸಿಕೊಳ್ಳಬಹುದು. ಗೊಬ್ಬರ, ಔಷಧಿಗಳ ಚೀಲಗಳನ್ನು ಎಷ್ಟೇ ತೊಳೆದಿದ್ದರೂ ತಿನ್ನುವ ಪದಾರ್ಥದ ಕೆಳಗೆ ಹಾಸಬಾರದು.

ಮುರುಗಲನ್ನು ಘಟ್ಟದ ಕೆಳಗಿನವರು ಪುನರ್ಪುಳಿ ಎನ್ನುತ್ತಾರೆ; ಕಳಸದ ಕಡೆ ಎರಡು ಹೆಸರುಗಳೂ ಬಳಕೆಯಲ್ಲಿವೆ. ಹಣ್ಣು ಕಡುಗೆಂಪಾದಾಗ ಕೊಯ್ಯಬೇಕು. ಮಳೆಯಲ್ಲಿ ನೆನೆದ ಹಣ್ಣು ಉದುರಿ ಕೊಳೆಯುವುದರಿಂದ ತಡಮಾಡಿದವರಿಗೆ ಅರ್ಧ ಫಸಲೂ ದಕ್ಕುವುದಿಲ್ಲ. ಹಣ್ಣನ್ನು ಎರಡು ಹೋಳು ಮಾಡಿ ಬೀಜ ಮತ್ತು ತಿರುಳನ್ನು ಬೇರೆ ತೆಗೆದು, ಸಿಪ್ಪೆಯನ್ನು ಆರರಿಂದ ಎಂಟು ದಿನ ಒಳ್ಳೆಯ ಬಿಸಿಲಿನಲ್ಲಿ ಒಣಗಿಸುತ್ತಾರೆ. ತೆಗೆದ ತಿರುಳಿನ ರಸಕ್ಕೆ ಉಪ್ಪು ಬೆರೆಸಿಟ್ಟು, ಅರೆ ಒಣಗಿದ ಸಿಪ್ಪೆಯನ್ನು ಅದರಲ್ಲಿ ಅದ್ದಿ ಮತ್ತೆ ಒಣಗಿಸುವುದನ್ನು ಎರಡು ಮೂರು ಬಾರಿ ಮಾಡಿದರೆ ಸಿಪ್ಪೆ ಕಪ್ಪಗೆ, ಮೆತ್ತಗೆ, ಹುಳಿಯಾಗಿ ಬರುತ್ತದೆ. ಅಂಥದಕ್ಕೆ ಅಂಗಡಿಯಲ್ಲಿ ಬೆಲೆಯೂ ಹೆಚ್ಚು.

ಪಾನಕಕ್ಕೆ ಬೇರೆ ಕ್ರಮ. ಒಂದು ಕಿಲೋ ತಾಜಾ ಸಿಪ್ಪೆಗೆ ಎರಡು ಕಿಲೋ ಸಕ್ಕರೆಯಂತೆ ತೆಗೆದುಕೊಂಡು, ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆಯಾಗಿ ಗಾಜಿನ ಅಥವಾ ಪಿಂಗಾಣಿ ಜಾಡಿಯಲ್ಲಿ ತುಂಬಬೇಕು. ಬಾಯಿಗೆ ತೆಳುಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗೆ ಇಟ್ಟರೆ ಸಕ್ಕರೆ ಕರಗಿ ಸಿಪ್ಪೆಯ ಬಣ್ಣವನ್ನೂ ಹುಳಿಯನ್ನೂ ಪೂರ್ತಿ ಎಳೆದುಕೊಳ್ಳುತ್ತದೆ. ನಂತರ ಸೋಸಿ ಸ್ವಲ್ಪ ಉಪ್ಪು, ಜೀರಿಗೆ ಪುಡಿ ಸೇರಿಸಿ ಸೀಸೆಗೆ ತುಂಬಬಹುದು. ಅಲ್ಯುಮಿನಿಯಂ, ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ಈ ಕೆಲಸಕ್ಕೆ ಮುಟ್ಟಲೇಬಾರದು. ಹಣ್ಣಿನ ಹುಳಿ ಲೋಹವನ್ನು ತಿನ್ನುತ್ತದೆ.

ಬೀಜವನ್ನೂ ಎಸೆಯಬೇಕಾಗಿಲ್ಲ. ತೊಳೆದು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬೇ ಮುರುಗಲು ತುಪ್ಪ. ಮಳೆಗಾಲದಲ್ಲಿ ಕೆಸರು ತುಳಿದು ಒಡೆದ ಹಿಮ್ಮಡಿಗೆ ಹಚ್ಚಲು ಇದನ್ನು ಮನೆಮನೆಗಳಲ್ಲಿ ಇಟ್ಟುಕೊಂಡಿರುತ್ತಿದ್ದರು. ಹೊಸದಾಗಿ ಮುರುಗಲು ನೆಡುವವರು ಒಂದು ವಿಷಯವನ್ನು ಗಮನಿಸಬೇಕು: ಈ ಜಾತಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎದ್ದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗುತ್ತವೆ, ಅದು ತಿಳಿಯುವುದು ಏಳೆಂಟು ವರ್ಷ ಸಾಕಿದ ಮೇಲೆ. ಆದ್ದರಿಂದ ಚೆನ್ನಾಗಿ ಬಿಡುವ ಹೆಣ್ಣು ಮರದ ಕಸಿ ಗಿಡಗಳನ್ನೇ ತರುವುದು ಲೇಸು. ಪರಾಗಕ್ಕಾಗಿ ಒಂದೆರಡು ಗಂಡು ಮರಗಳೂ ಆಸುಪಾಸಿನಲ್ಲಿ ಇರಬೇಕಾಗುತ್ತದೆ.

ಮುರುಗಲಿನ ದಾಯಾದಿ ಉಪ್ಪಾಗೆ. ಇದು ಹಣ್ಣಾಗುವುದೇ ಮಳೆಗಾಲದಲ್ಲಿ. ಹೊಗೆಯಟ್ಟದ ಮೇಲೆ ಒಣಗಿಸದೆ ಬೇರೆ ದಾರಿಯಿಲ್ಲ. ೧೯೯೦ರ ದಶಕದಲ್ಲಿ ಬೊಜ್ಜು ಕರಗಿಸುವ ಔಷಧಿಗೆಂದು ಹೊರದೇಶಗಳಿಂದ ಬೇಡಿಕೆ ಬಂದು ಉಪ್ಪಾಗೆಯ ಬೆಲೆ ಏರಿದಾಗ, ಪಶ್ಚಿಮ ಘಟ್ಟದ ಹಲವೆಡೆ ಬಲಿಯದ ಕಾಯನ್ನೇ ಕೊಂಬೆ ಸಮೇತ ಕಡಿದು ಇಳಿಸಿದರು. ಅದನ್ನು ಒಣಗಿಸುವ ಒಲೆಗೆ ಸುತ್ತಲಿನ ಕಾಡಿನ ಸೌದೆಯೂ ಹೋಯಿತು. ಸ್ವಂತ ಹಿತ್ತಲಿನ ಒಂದೆರಡು ಮರಗಳ ಉದುರಿದ ಹಣ್ಣನ್ನು ಆರಿಸಿ, ಅಡುಗೆ ಒಲೆಯ ಮೇಲಿನ ಅಟ್ಟದಲ್ಲೇ ಒಣಗಿಸಿಕೊಳ್ಳುವವರಿಗೆ ಈ ದೋಷ ತಟ್ಟುವುದಿಲ್ಲ.

ಹಲಸು

ಹಪ್ಪಳಕ್ಕೆ ಪೂರ್ತಿ ಬಲಿತು ಇನ್ನೂ ಹಣ್ಣಾಗದ ಕಾಯಿ ಬೇಕು. ಮುಳ್ಳುಗಳು ಅಗಲವಾಗಿ ಚಪ್ಪಟೆಯಾಗುವುದು, ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರುವುದು, ತೊಟ್ಟಿನ ಹತ್ತಿರದ ಎಲೆ ಹಳದಿಯಾಗುವುದು ಇವು ಬಲಿತದ್ದರ ಗುರುತು. ತೊಳೆಗಳನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು ಸೇರಿಸಿ ಕುಟ್ಟಿ ತಟ್ಟುವ ಕ್ರಮ ಮಲೆನಾಡಿನ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾದದ್ದಲ್ಲ. ಕೆಡುವುದು ಸಾಮಾನ್ಯವಾಗಿ ಒಣಗಿಸುವಲ್ಲಿ. ಎರಡನೆಯ ದಿನ ಮೋಡ ಕವಿದರೆ ಹಪ್ಪಳದ ನಡುವೆ ತೇವ ಉಳಿದು, ಡಬ್ಬಕ್ಕೆ ತುಂಬಿದ ಹದಿನೈದು ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಮುರಿದಾಗ ಸದ್ದು ಬರುವವರೆಗೆ ತುಂಬಬಾರದು. ಅನುಮಾನವಿದ್ದರೆ ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟು ತೆಗೆಯುವುದು ಮೇಲು.

ಹಣ್ಣು ಬಕ್ಕೆಯಾದರೆ ತಿನ್ನಲು, ಮಾರಲು ಎರಡಕ್ಕೂ ಆಗುತ್ತದೆ. ತೊಳೆ ಮೆತ್ತಗಿರುವ ಜಾತಿ ಕಡುಬಿಗೆ ಉತ್ತಮ. ರಸವನ್ನು ಅಕ್ಕಿತರಿ, ಬೆಲ್ಲದೊಂದಿಗೆ ಕಲಸಿ ಅರಿಸಿನದ ಎಲೆಯಲ್ಲಿಯೋ ಬಾಳೆ ಎಲೆಯಲ್ಲಿಯೋ ಬೇಯಿಸಿದ ಕಡುಬಿನ ಪರಿಮಳಕ್ಕೆ ಪೇಟೆಯ ಯಾವ ತಿಂಡಿಯೂ ಸಮನಾಗದು.

ಕಾಡಂಚಿನ ಊರುಗಳಲ್ಲಿ ಹಲಸಿನ ಮಾತು ಬಂದಾಗ ಆನೆಯ ಮಾತೂ ಬರುತ್ತದೆ. ಮೂಡಿಗೆರೆ ತಾಲ್ಲೂಕಿನ ಅನೇಕ ತೋಟಗಳಿಗೆ ಆನೆಗಳು ಬರುತ್ತಿದ್ದು, ಹಣ್ಣಿನ ವಾಸನೆ ಅವುಗಳಿಗೆ ಬಹುದೂರದವರೆಗೆ ತಿಳಿಯುತ್ತದೆ. ಇದಕ್ಕೆ ಮರವನ್ನೇ ಕಡಿಯುವ ಬದಲು, ಮನೆ, ಕೂಲಿ ಲೈನು, ಮಕ್ಕಳು ಶಾಲೆಗೆ ನಡೆಯುವ ದಾರಿ ಇವುಗಳ ಹತ್ತಿರದ ಮರಗಳ ಕಾಯಿಯನ್ನು ಎಳೆಯದಿರುವಾಗಲೇ ತರಕಾರಿಗೆ, ಬಲಿತಾಗ ಹಪ್ಪಳಕ್ಕೆ ಇಳಿಸಿಬಿಡಬಹುದು. ಹಣ್ಣಾಗಲು ಬಿಡುವುದು ಬೇಡ. ಸಿಪ್ಪೆ, ರೆಚ್ಚೆಗಳನ್ನು ಮನೆಯ ಹಿಂದೆ ರಾಶಿ ಹಾಕಿದರೆ ಕಾಯಿ ಇಳಿಸಿದ ಶ್ರಮವೆಲ್ಲ ವ್ಯರ್ಥ. ದನಕ್ಕೆ ಹಾಕುವುದಾದರೂ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ಒಣಹುಲ್ಲಿನ ಜೊತೆಯಲ್ಲಿ ಹಾಕಬೇಕು. ಕಟ್ಟು ಬಿಚ್ಚಿಕೊಂಡ ದನ ಮರದ ಬುಡದಲ್ಲಿ ಹಣ್ಣನ್ನು ಹೊಟ್ಟೆ ಬಿರಿಯೆ ತಿಂದರೆ ಹೊಟ್ಟೆಯೊಳಗೆ ಹುಳಿ ಏರಿ ಮೇವು ಬಿಡುತ್ತದೆ, ಹೊಟ್ಟೆಯುಬ್ಬರವಾಗಿ ಸಾಯುವುದೂ ಉಂಟು. ಅಂಥ ಸಂದರ್ಭದಲ್ಲಿ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಬೇಕು.

ಹಲಸು ಬೀಜದಿಂದ ತಾಯಿಮರದಂತೆಯೇ ಬರುವುದಿಲ್ಲ. ಹಿತ್ತಲಿನಲ್ಲಿ ನಿಜವಾಗಿ ಒಳ್ಳೆಯ ಮರವಿದ್ದರೆ ಅದರ ಕಡ್ಡಿಯಿಂದ ಕಸಿ ಕಟ್ಟಿಸಿಕೊಳ್ಳಬೇಕು. ತುಮಕೂರು ಜಿಲ್ಲೆಯ ಚೇಳೂರಿನ ಒಂದೇ ಒಂದು ಮರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಗುರುತಿಸಿದ ಮೇಲೆ ಅದು ‘ಸಿದ್ದು’ ಎಂಬ ಕೆಂಪು ತೊಳೆಯ ತಳಿಯಾಗಿ ನಾಡಿಗೆಲ್ಲ ಹಬ್ಬಿತು. ಆದರೆ ಅದು ಬಯಲಿನ ಮರ. ಕಳಸದ ಮಳೆಯಲ್ಲಿ ತಲೆಮಾರುಗಳಿಂದ ನಿಂತಿರುವ ಮರದ ಕಸಿಯೇ ಕಳಸದವರಿಗೆ ಹೆಚ್ಚು ನಂಬಿಕೆಯದು.

ಮಾವು ಮತ್ತು ಹಣ್ಣುನೊಣ

ಮೊದಲ ಮಳೆ ಬಿದ್ದ ಮೇಲೆ ಕೊಯ್ದ ಮಾವಿನಲ್ಲಿ ಹುಳ ಕಾಣಿಸಿಕೊಳ್ಳುವುದು ಮಲೆನಾಡಿನವರಿಗೆ ಹೊಸದಲ್ಲ. ಹಣ್ಣುನೊಣವು ಬಲಿತ ಕಾಯಿಯ ಸಿಪ್ಪೆಯೊಳಗೆ ಮೊಟ್ಟೆಯಿಡುತ್ತದೆ. ಹುಳು ತಿರುಳನ್ನು ತಿಂದು, ಉದುರಿದ ಹಣ್ಣಿನಿಂದ ಮಣ್ಣಿಗಿಳಿದು ಕೋಶವಾಗುತ್ತದೆ. ಮೀಥೈಲ್ ಯುಜಿನಾಲ್ ಬಲೆಗಳನ್ನು ಹಣ್ಣಾಗುವುದಕ್ಕೆ ತಿಂಗಳು ಒಂದೂವರೆ ತಿಂಗಳು ಮೊದಲೇ ಕಟ್ಟಿದರೆ ಗಂಡು ನೊಣಗಳು ಬಂದು ಸಾಯುತ್ತವೆ, ಸಂತತಿ ಕಡಿಮೆಯಾಗುತ್ತದೆ. ಬಲೆ ಕಟ್ಟಿ ಉದುರಿದ ಹಣ್ಣನ್ನು ಹಾಗೆಯೇ ಬಿಟ್ಟರೆ ಮಾತ್ರ ಪ್ರಯೋಜನವಿಲ್ಲ. ದಿನವೂ ಆರಿಸಿ ಎರಡು ಅಡಿ ಆಳದ ಗುಂಡಿಯಲ್ಲಿ ಹೂಳಬೇಕು. ಅಕ್ಕಪಕ್ಕದ ಮನೆಗಳವರೂ ಜೊತೆಯಲ್ಲಿ ಮಾಡಿದರೆ ಫಲ ಎದ್ದು ಕಾಣುತ್ತದೆ.

ಕಾಡುಮಾವಿನ ಹಣ್ಣಿಗೆ ನಾರು ಜಾಸ್ತಿ, ತಿರುಳು ಕಡಿಮೆ, ಆದರೆ ಸಾಸಿವೆಗೂ ಗೊಜ್ಜಿಗೂ ಅದನ್ನು ಬಿಟ್ಟರಿಲ್ಲ. ರಸವನ್ನು ಹಿಂಡಿ ಚಾಪೆಯ ಮೇಲೆ ದಿನಕ್ಕೊಂದು ಪದರದಂತೆ ಹೊಯ್ದು ಒಣಗಿಸಿದ ಮಾಂಬಳ ಆಷಾಢ, ಶ್ರಾವಣದವರೆಗೂ ಇರುತ್ತದೆ.

ಹಾಗೆಯೇ ತಿನ್ನುವ ಹಣ್ಣುಗಳು

ಬೆಣ್ಣೆಹಣ್ಣನ್ನು ಹಿಂದೆ ತೋಟದಲ್ಲಿ ಹಂದಿ, ನಾಯಿಗಳು ತಿನ್ನಲೆಂದು ಬಿಟ್ಟವರೇ ಹೆಚ್ಚು. ಈಗ ಪಟ್ಟಣಗಳಲ್ಲಿ ಇದಕ್ಕೆ ಒಳ್ಳೆಯ ಬೇಡಿಕೆಯಿದೆ. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಉತ್ತಮ ತಳಿಗಳೂ ಬಂದಿವೆ. ಈ ಹಣ್ಣು ಮರದಲ್ಲಿ ಮೆತ್ತಗಾಗುವುದಿಲ್ಲ. ಕೊಯ್ದು ವಾರ ಹತ್ತು ದಿನ ಇಟ್ಟ ಮೇಲೆಯೇ ಹದಕ್ಕೆ ಬರುತ್ತದೆ. ಬಲಿಯದ ಕಾಯಿ ಕೊಯ್ದರೆ ಸುಕ್ಕಾಗಿ ರಬ್ಬರಿನಂತಾಗುತ್ತದೆ. ಒಂದು ಕಾಯಿಯನ್ನು ಕೊಯ್ದು ನೋಡಬೇಕು: ಬೀಜದ ಮೇಲಿನ ಪೊರೆ ಬೆಳ್ಳಗಿದ್ದರೆ ಇನ್ನೂ ಎಳೆಯದು, ಕಂದು ಬಣ್ಣಕ್ಕೆ ತಿರುಗಿ ಕಾಗದದಂತೆ ಆಗಿದ್ದರೆ ಕೊಯ್ಲಿಗೆ ಸಿದ್ಧ. ಮರ ಅಲುಗಾಡಿಸಿ ಉದುರಿಸುವುದು ತಪ್ಪು. ಬಲೆ ಕಟ್ಟಿದ ದೋಟಿಯಿಂದ, ಸ್ವಲ್ಪ ತೊಟ್ಟು ಉಳಿಯುವಂತೆ ಕೊಯ್ಯಬೇಕು. ಬುಡದಲ್ಲಿ ನೀರು ನಿಂತರೆ ಬೇರುಕೊಳೆ ರೋಗ ಬಂದು ದೊಡ್ಡ ಮರವೂ ಒಣಗುವುದರಿಂದ ಮಳೆಗೆ ಮುಂಚೆ ಬಸಿಗಾಲುವೆ ಬಿಡಿಸಿಡಬೇಕು.

ಪ್ಯಾಷನ್ ಹಣ್ಣು ಬಳ್ಳಿಯಿಂದ ತಾನೇ ಉದುರಿದಾಗ ಆರಿಸಿಕೊಳ್ಳುವುದು ರೂಢಿ. ಸಿಪ್ಪೆ ಸುಕ್ಕುಗಟ್ಟಿದ ಹಣ್ಣು ಕೆಟ್ಟಿತೆಂದು ಎಸೆಯಬಾರದು, ಅದೇ ಹೆಚ್ಚು ಸಿಹಿ. ಒಂದು ಲೀಟರು ರಸಕ್ಕೆ ಎರಡು ಕಿಲೋ ಸಕ್ಕರೆ, ಒಂದು ಲೀಟರು ನೀರಿನ ಪಾಕ ಮಾಡಿ ಆರಿಸಿ ಬೆರೆಸಿದರೆ ಒಳ್ಳೆಯ ಸ್ಕ್ವಾಷ್ ಆಗುತ್ತದೆ. ಬಹುದಿನ ಇಡುವುದಾದರೆ ಒಂದು ಕಿಲೋ ಸ್ಕ್ವಾಷಿಗೆ ಅರ್ಧ ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೇರಿಸುತ್ತಾರೆ. ಇದೇ ಪುಡಿಯನ್ನು ಮುರುಗಲು ಪಾನಕಕ್ಕೆ ಹಾಕಬಾರದು. ಕೆಂಪು ಬಣ್ಣ ಬಿಳಿಚಿ ಹೋಗುತ್ತದೆ. ಅದಕ್ಕೆ ಅಷ್ಟೇ ಪ್ರಮಾಣದ ಸೋಡಿಯಂ ಬೆಂಜೋಯೇಟ್ ಸರಿಯಾದದ್ದು. ಎರಡನ್ನೂ ಕಣ್ಣಳತೆಯಲ್ಲಿ ಹಾಕದೆ ತೂಗಿ ಹಾಕಬೇಕು.

ಪನ್ನೇರಳೆಯನ್ನು ಕಾಪಿಡುವ ವಿಧಾನವೇ ಇಲ್ಲ. ಪನ್ನೀರಿನ ಸುವಾಸನೆಯ ಈ ಹಣ್ಣು ಮಕ್ಕಳಿಗೂ ಬಾವಲಿಗಳಿಗೂ ಸೇರಿದ್ದು. ಬಾವಲಿ, ಅಳಿಲು ಕಚ್ಚಿದ ಹಣ್ಣನ್ನು ಕಚ್ಚಿದ ಭಾಗ ಕತ್ತರಿಸಿ ತಿನ್ನುವ ಅಭ್ಯಾಸ ಮಾತ್ರ ನಿಲ್ಲಬೇಕು. ೨೦೧೮ರಲ್ಲಿ ಕೇರಳದ ಕೋಳಿಕ್ಕೋಡು ಕಡೆ ಕಾಣಿಸಿಕೊಂಡ ನಿಫಾ ಜ್ವರದ ವೈರಾಣುವಿಗೆ ಹಣ್ಣು ತಿನ್ನುವ ಬಾವಲಿಗಳೇ ಆಶ್ರಯ.

ಈ ಎಲ್ಲ ಹಣ್ಣುಗಳ ಕೊಯ್ಲಿಗೂ ಬೋರ್ಡೋ ದ್ರಾವಣದ ಸಿಂಪಡಣೆಗೂ ಹೊಂದಾಣಿಕೆ ಇರಬೇಕು. ಕಾಫಿ, ಮೆಣಸು, ಅಡಿಕೆಗಳಿಗೆ ಮುಂಗಾರಿಗೆ ಮುಂಚಿನ ಸಿಂಪಡಣೆ ಬೀಳುವುದು ಇದೇ ದಿನಗಳಲ್ಲಿ. ತೋಟದೊಳಗಿನ ಹಣ್ಣನ್ನು ಮೊದಲು ಇಳಿಸಿ ನಂತರ ಯಂತ್ರ ಹಿಡಿಯುವುದು ಕ್ರಮ. ತಪ್ಪಿ ನೀಲಿ ಕಲೆ ಬಿದ್ದ ಮುರುಗಲನ್ನು ಸಿಪ್ಪೆಯೇ ತಿನ್ನುವ ಪದಾರ್ಥವಾದ್ದರಿಂದ ಉಪಯೋಗಿಸದಿರುವುದು ಒಳ್ಳೆಯದು.

ಲಾವಂಚ

ಇತ್ತೀಚಿನ ವರ್ಷಗಳಲ್ಲಿ ಲ್ಯಾವೆಂಡರ್ ಬೆಳೆಯ ಬಗ್ಗೆ ವಿಚಾರಿಸುವ ಬೆಳೆಗಾರರು ಹೆಚ್ಚಾಗಿದ್ದಾರೆ. ಜಮ್ಮು ಕಾಶ್ಮೀರದ ಡೋಡಾ ಜಿಲ್ಲೆಯ ಭದರ್ವಾದಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದ ರೈತರು ಅದರಿಂದ ಲಾಭ ಪಡೆದದ್ದು ನಿಜ. ಆದರೆ ಅದು ಹಿಮ ಬೀಳುವ ಸೀಮೆ. ಲ್ಯಾವೆಂಡರಿಗೆ ಕೊರೆಯುವ ಚಳಿಗಾಲ, ಒಣ ಬೇಸಿಗೆ, ನೀರು ಬಸಿದುಹೋಗುವ, ಹುಳಿಯಿಲ್ಲದ ಮಣ್ಣು ಬೇಕು. ವರ್ಷಕ್ಕೆ ೨೦೦೦ ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಮೂಡಿಗೆರೆ, ಅದಕ್ಕೂ ಮಿಗಿಲಾದ ಕಳಸದ ಹುಳಿಮಣ್ಣಿನಲ್ಲಿ ಅದರ ಬೇರು ಮೊದಲ ಮುಂಗಾರಿನಲ್ಲೇ ಕೊಳೆಯುತ್ತದೆ. ಚಿಕ್ಕಮಗಳೂರಿನ ಪೂರ್ವಕ್ಕೆ, ಮಳೆ ಕಡಿಮೆ ಇರುವ ಕಡೆ, ಸೂರಿನಡಿಯ ಕುಂಡದಲ್ಲಿ ಅಂದಕ್ಕಾಗಿ ಇಟ್ಟುಕೊಳ್ಳಬಹುದಷ್ಟೆ.

ಅವರು ಬಟ್ಟೆಯ ಪೆಟ್ಟಿಗೆಯಲ್ಲಿ ಲ್ಯಾವೆಂಡರ್ ಹೂ ಇಡುತ್ತಾರೆ. ನಮ್ಮ ನಾಡಿನಲ್ಲಿ ಆ ಕೆಲಸವನ್ನು ಲಾವಂಚದ ಬೇರು ಮಾಡಿಕೊಂಡು ಬಂದಿದೆ. ಮುಡಿವಾಳವೆಂದೂ ಕರೆಯುವ ಈ ಹುಲ್ಲಿಗೆ ಮಳೆಯೂ ಒಗ್ಗುತ್ತದೆ, ಬರವೂ ಒಗ್ಗುತ್ತದೆ. ದಟ್ಟ ನೆರಳು ಮಾತ್ರ ಆಗದು. ಆದ್ದರಿಂದ ಕಾಫಿ ಗಿಡಗಳ ನಡುವೆ ಹಾಕದೆ ಕಣದ ಅಂಚು, ಕೆರೆಯ ದಂಡೆ, ತೋಟದ ರಸ್ತೆಯ ಬದಿಯಂಥ ಬಿಸಿಲಿನ ಜಾಗಗಳನ್ನು ಆರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಳಿಜಾರಿನಲ್ಲಿ ಮಣ್ಣು ತಡೆಯಲೆಂದು ಸಾಲಾಗಿ ನೆಟ್ಟ ಲಾವಂಚವನ್ನು ಬೇರಿಗಾಗಿ ಅಗೆಯಬಾರದು. ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಗಡಿಗಳಲ್ಲಿ ಲಾವಂಚದ ಸಾಲುಗಳನ್ನು ನೂರು ವರ್ಷಗಳಿಗೂ ಹಿಂದಿನಿಂದ ಉಳಿಸಿಕೊಂಡು ಬಂದಿದ್ದರು. ೧೯೮೦ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಲಾವಂಚದ ಬೇಲಿಯನ್ನು ಮಣ್ಣಿನ ಸವಕಳಿ ತಡೆಗೆಂದು ಪ್ರಪಂಚಕ್ಕೆಲ್ಲ ಪ್ರಚಾರ ಮಾಡಿದಾಗ ಗುಂಡ್ಲುಪೇಟೆಯ ಈ ಪದ್ಧತಿಯನ್ನು ನಿದರ್ಶನವಾಗಿ ತೋರಿಸಿದರು. ಎರಡು ಮೂರು ಮೀಟರು ಆಳಕ್ಕೆ ನೇರವಾಗಿ ಇಳಿಯುವ ಬೇರೇ ಅದರ ಶಕ್ತಿ. ಮಳೆಗೆ ಹದಿನೈದು ದಿನ ಮುಂಚೆ ಇಳಿಜಾರನ್ನು ಅಗೆದು ಬೇರು ಕಿತ್ತರೆ, ತೋಟದ ಮೇಲ್ಮಣ್ಣನ್ನು ಹಳ್ಳಕ್ಕೆ ತಾನೇ ತಳ್ಳಿದಂತೆ.

ಮನೆಬಳಕೆಯ ಬೇರಿಗೆ ಪ್ರತ್ಯೇಕವಾಗಿ ಚೀಲಗಳಲ್ಲಿ ಬೆಳೆಸುವುದು ಸುಲಭ. ದಪ್ಪನೆಯ ಪ್ಲಾಸ್ಟಿಕ್ ಚೀಲಕ್ಕೆ ಮರಳು ಎರಡು ಪಾಲು, ಮಣ್ಣು ಒಂದು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ತುಂಬಿ, ತಳದಲ್ಲಿ ತೂತು ಮಾಡಿ, ಬೇರು ನೆಲಕ್ಕಿಳಿಯದಂತೆ ಚಪ್ಪಡಿ ಕಲ್ಲಿನ ಮೇಲೆ ಸಾಲಾಗಿ ನಿಲ್ಲಿಸಬೇಕು. ಒಂದೂವರೆ ವರ್ಷದ ಮೇಲೆ ಬೇರು ಬಲಿತು ಪರಿಮಳ ಕೂಡುತ್ತದೆ. ಒಂದು ಮುಂಗಾರಿಗೆ ನೆಟ್ಟದ್ದನ್ನು ಮರುವರ್ಷದ ಮುಂಗಾರು ಕಳೆದು ಅದರಾಚೆಯ ಬೇಸಿಗೆಯಲ್ಲಿ ತೆಗೆದರೆ ಸರಿಹೋಗುತ್ತದೆ. ಚೀಲ ಸೀಳಿ ನೀರು ಹಾಯಿಸಿದರೆ ಮಣ್ಣು ಬಿಟ್ಟು ಬೇರಿನ ಜಡೆ ಇಡಿಯಾಗಿ ಕೈಗೆ ಬರುತ್ತದೆ, ಗುದ್ದಲಿಯ ಕೆಲಸವಿಲ್ಲ.

ತೊಳೆದ ಬೇರನ್ನು ನೆರಳಿನಲ್ಲಿ ಒಣಗಿಸಬೇಕು. ಸುಡುಬಿಸಿಲಿಗೆ ಹಾಕಿದರೆ ತೈಲದ ಅಂಶ ಹಾರಿಹೋಗುತ್ತದೆ. ಬಟ್ಟೆಯ ಪೆಟ್ಟಿಗೆಗೆ ಒಂದೊಂದು ಹಿಡಿಯನ್ನು ಮಲ್ ಬಟ್ಟೆಯಲ್ಲಿ ಕಟ್ಟಿ ಇಡುತ್ತಾರೆ. ಮಳೆಗಾಲದ ಮುಗ್ಗಲು ವಾಸನೆಯನ್ನು ಇದು ಮರೆಸುತ್ತದೆ, ಬೂಷ್ಟನ್ನು ತಡೆಯುವುದಿಲ್ಲ. ಆದ್ದರಿಂದ ಅರೆ ಒಣಗಿದ ಬಟ್ಟೆಯನ್ನು ಲಾವಂಚದ ಭರವಸೆಯ ಮೇಲೆ ಮಡಿಸಿಡುವುದು ಸಲ್ಲದು. ಕುಡಿಯುವ ನೀರಿನ ಮಡಕೆಗೆ ಹಾಕುವ ಕಟ್ಟನ್ನು ಮೂರು ನಾಲ್ಕು ದಿನಕ್ಕೊಮ್ಮೆ ತೆಗೆದು ಒಣಗಿಸಿ ಮತ್ತೆ ಉಪಯೋಗಿಸಬಹುದು. ಮನೆಯಲ್ಲಿ ಎಣ್ಣೆ ತೆಗೆಯುವ ಆಸೆ ಬೇಡ. ನೂರು ಕಿಲೋ ಒಣ ಬೇರಿಗೆ ಒಂದು ಕಿಲೋ ಆಸುಪಾಸಿನ ತೈಲ ಮಾತ್ರ ಬರುತ್ತದೆ, ಅದೂ ಹಗಲು ರಾತ್ರಿ ಹಬೆ ಕೊಟ್ಟ ಮೇಲೆ.

ಬೇರು ಕತ್ತರಿಸಿದ ಬುಡವನ್ನು ಎಸೆಯದೆ, ಎರಡು ಮೂರು ತೆಂಡೆಗಳು ಉಳಿಯುವಂತೆ ಸೀಳಿ, ಗರಿಯನ್ನು ಒಂದು ಗೇಣಿಗೆ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಬೇಕು. ಮೃಗಶಿರ ಮಳೆ ಹಿಡಿದ ಮೇಲೆ ಕೆಲವನ್ನು ಹೊಸ ಚೀಲಗಳಿಗೂ, ಉಳಿದವನ್ನು ತೋಟದ ಇಳಿಜಾರಿಗೆ ಅಡ್ಡಲಾಗಿ ಹತ್ತರಿಂದ ಹದಿನೈದು ಸೆಂಟಿಮೀಟರು ಅಂತರದಲ್ಲಿ ಒಂದೇ ಸಾಲಾಗಿಯೂ ನೆಡಬಹುದು. ಸಾಲಿನಲ್ಲಿ ಸತ್ತ ಬುಡಗಳ ಜಾಗವನ್ನು ಅದೇ ಮಳೆಗಾಲದಲ್ಲಿ ತುಂಬದಿದ್ದರೆ ನೀರು ಆ ಕಂಡಿಯಲ್ಲೇ ನುಗ್ಗಿ ಕೊರಕಲು ಮಾಡುತ್ತದೆ.